ಮರೆವಿನ ಬೆನ್ನು ಹತ್ತಿದ ವಿಜ್ಞಾನಿ

ಮಗ್ರಿಬ್ ನಮಾಝ್ ಮುಗಿಸಿದ ಅಜ್ಜ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ವುಝೂ ಮಾಡಲು ಏಳುತ್ತಾರೆ. ಈಗ ತಾನೇ ಆಯಿತಲ್ಲ ಎಂದರೆ ನಂಬುವುದಿಲ್ಲ. ನಿಮ್ಮ ಮನೆಯಲ್ಲೂ ಇಂತಹ ಹಿರಿಯರಿರಬಹುದು. ವಯಸ್ಸಾಯಿತು, ಮರೆವು ಸಹಜ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಎಲ್ಲ ಮರೆವಿಗೂ ವಯಸ್ಸೇ ಕಾರಣವಲ್ಲ. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಯಶವಂತಪುರದಿಂದ ಮೇಖ್ರಿ ಸರ್ಕಲ್ ಕಡೆಗೆ ಬಸ್ಸಿನಲ್ಲಿ ಹೋಗಿದ್ದರೆ ನೀವು 'ಟಾಟಾ ಇನ್‌ಸ್ಟಿಟ್ಯೂಟ್' ಎಂಬ ಹೆಸರು ಕೇಳಿರುತ್ತೀರಿ. ಅದುವೇ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಆವರಣದಲ್ಲಿ ಈ ಕಾಯಿಲೆಯ ಮೂಲ ಹುಡುಕುವ 'ಸೆಂಟರ್ ಫಾರ್ ಬ್ರೈನ್ ರಿಸರ್ಚ್' ಇದೆ. ಅದರ ಸ್ಥಾಪಕ ನಿರ್ದೇಶಕಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಮೆದುಳಿನ ರಸಾಯನಶಾಸ್ತ್ರವೇ ಅವರ ಕ್ಷೇತ್ರ.

1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಅವರು ಅಮೆರಿಕದಲ್ಲಿ ಸಂಶೋಧನೆ ನಡೆಸಿ, 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ನಾವು ನುಂಗುವ ಮಾತ್ರೆಯನ್ನು ಪಿತ್ತಜನಕಾಂಗ ಒಡೆದು ಬದಲಾಯಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಕೇಳಿದ್ದು ಬೇರೆ: ಮೆದುಳು ಸ್ವತಃ ಈ ಕೆಲಸ ಮಾಡುತ್ತದೆಯೇ? ಮರಣೋತ್ತರ ಪರೀಕ್ಷೆಯ ವೇಳೆ ದೊರೆತ ಮಾನವ ಮೆದುಳಿನಲ್ಲೂ ಅಂತಹ ಕಿಣ್ವಗಳನ್ನು ಅವರ ತಂಡ ತೋರಿಸಿತು. ಪ್ರಮಾಣ ಅಲ್ಪ, ಆದರೆ ಮನೋರೋಗದ ಔಷಧಗಳು ಕೆಲಸ ಮಾಡಬೇಕಾದದ್ದು ಅಲ್ಲೇ ತಾನೇ! ಎಲ್ಲವನ್ನೂ ಎಲ್ಲರೂ ಒಪ್ಪಿದರು ಎಂದಲ್ಲ. ಮೆದುಳಿನ ಒಂದು ವಿಶೇಷ ಕಿಣ್ವದ ಬಗ್ಗೆ 2004ರಲ್ಲಿ ಅವರ ತಂಡ ಹೇಳಿದ್ದನ್ನು ಮರುವರ್ಷವೇ ಬೇರೆ ಸಂಶೋಧಕರು ಪ್ರಶ್ನಿಸಿದರು. ವಿದ್ವತ್ತಿನ ಲೋಕದಲ್ಲಿ ಇದು ಅಪಮಾನವಲ್ಲ.

ತೊಗರಿಬೇಳೆಗೆ ಕೇಸರಿ ಬೇಳೆ ಬೆರೆಸುತ್ತಾರೆಂಬ ಮಾತನ್ನು ಗೃಹಿಣಿಯರು ಕೇಳಿಯೇ ಇರುತ್ತೀರಿ. ಬರಗಾಲದಲ್ಲೂ ಬೆಳೆಯುವ ಈ ಕಾಳನ್ನೇ ತಿಂಗಳುಗಟ್ಟಲೆ ತಿಂದ ಬಡವರ ಕಾಲುಗಳು ಸೆಟೆದು ನಡೆಯಲಾಗದಂತಾಗುತ್ತವೆ. ಅದರ ವಿಷವಸ್ತುವನ್ನು ಇದೇ ಟಾಟಾ ಇನ್‌ಸ್ಟಿಟ್ಯೂಟಿನ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮ ಅವರು ಬೇರ್ಪಡಿಸಿದ ವಿವರ 1964ರಲ್ಲಿ ಪ್ರಕಟವಾಯಿತು. ಆ ವಿಷ ನರಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾಕ್ಕೆ ಹೊಡೆತ ಕೊಡುತ್ತದೆ ಎಂದು ವಿಜಯಲಕ್ಷ್ಮಿಯವರ ತಂಡ ಇಲಿಗಳಲ್ಲಿ ತೋರಿಸಿತು. ಒಂದೇ ಮನೆಯಲ್ಲಿ ಒಂದೇ ಬೇಳೆ ಉಂಡರೂ ಈ ಕಾಯಿಲೆ ಗಂಡಸರಿಗೇ ಹೆಚ್ಚು. ಯಾಕೆ? ಹೆಣ್ಣಿಲಿಗಳ ಮೆದುಳಿನಲ್ಲಿ ಗ್ಲುಟಾರೆಡಾಕ್ಸಿನ್ ಎಂಬ ರಕ್ಷಕ ಪ್ರೋಟೀನು ಹೆಚ್ಚಿದೆ. ಅಂಡಾಶಯ ತೆಗೆದರೆ ಆ ರಕ್ಷಣೆ ಕುಂದುತ್ತದೆ. ಈಸ್ಟ್ರೋಜನ್ ಹಾರ್ಮೋನಿನ ಕೊಡುಗೆ ಅದು.

1996ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಮುಂದೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. 2003ರ ಡಿಸೆಂಬರಿನಲ್ಲಿ ಅದನ್ನು ದೇಶಕ್ಕೆ ಅರ್ಪಿಸಿದವರು ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ. 2009ರಲ್ಲಿ ಬೆಂಗಳೂರಿಗೆ ಮರಳಿದರು. ಮರುವರ್ಷ ಪದ್ಮಶ್ರೀ.

2012ರಲ್ಲಿ ಅವರ ತಂಡದ ಇನ್ನೊಂದು ಸಂಶೋಧನೆ ಸುದ್ದಿಯಾಯಿತು. ಹಕೀಮರು ಅಸ್ಗಂಧ್ ಎನ್ನುವ ಅಶ್ವಗಂಧದ ಬೇರಿನ ಸಾರವನ್ನು ಅಲ್ಝೈಮರ್ ಲಕ್ಷಣವಿದ್ದ ಇಲಿಗಳಿಗೆ 30 ದಿನ ಕೊಟ್ಟಾಗ ನೆನಪು ಸುಧಾರಿಸಿತು, ಮೆದುಳಿನಲ್ಲಿ ಶೇಖರವಾಗಿದ್ದ ಕಶ್ಮಲವೂ ತಗ್ಗಿತು. ಸೋಜಿಗವೆಂದರೆ, ಸಾರ ಕೆಲಸ ಮಾಡಿದ್ದು ಪಿತ್ತಜನಕಾಂಗದಲ್ಲಿ! ಇದನ್ನೋದಿ ಗಂಧಿಗೆ ಅಂಗಡಿಗೆ ಓಡಬೇಡಿ. ಅವು ಇಲಿಗಳು, ನಿಮ್ಮ ಅಜ್ಜನಿಗೆ ಏನು ಬೇಕೆಂದು ವೈದ್ಯರೇ ಹೇಳಬೇಕು.

ಇಲಿಯಿಂದ ಮನುಷ್ಯನೆಡೆಗೆ ಹೋಗಲು ಅವರು ಹಿಡಿದ ದಾರಿ ಮಾವಿನ ಊರು ಶ್ರೀನಿವಾಸಪುರದ್ದು. ಕೋಲಾರ ಜಿಲ್ಲೆಯ ಈ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ 2018ರಲ್ಲಿ ಶುರುವಾಯಿತು. ಮರೆವಿನ ಬಗ್ಗೆ ಜಗತ್ತು ಬಲ್ಲದ್ದರಲ್ಲಿ ಹೆಚ್ಚಿನದು ಓದುಬರಹ ಬಲ್ಲ ಶ್ರೀಮಂತ ದೇಶದವರನ್ನು ನೋಡಿ ಕಲಿತದ್ದು. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯ ನೆನಪನ್ನು ಕಾಗದ, ಪೆನ್ಸಿಲ್ ಕೊಟ್ಟು ಅಳೆಯುವುದು ಹೇಗೆ? ಇಲ್ಲಿ ಅವರಿಗೆ ಹೊಂದುವ ಪರೀಕ್ಷೆಗಳಿವೆ. ಜೊತೆಗೆ ರಕ್ತಪರೀಕ್ಷೆ, ಮೆದುಳಿನ ಸ್ಕ್ಯಾನ್. ಇಂದು ಯಾವ ತೊಂದರೆಯೂ ಇಲ್ಲದವರನ್ನೇ ಮತ್ತೆ ಮತ್ತೆ ನೋಡುತ್ತಾರೆ. ಯಾರಿಗೆ ಮರೆವು ಬಂತು, ಬರುವ ಮುನ್ನ ಅವರ ರಕ್ತದೊತ್ತಡ, ಸಕ್ಕರೆ, ನಿದ್ದೆ ಹೇಗಿತ್ತು ಎಂಬುದು ಆಗಲೇ ತಿಳಿಯುವುದು.