ಕೀಲಿಯಿಂದ ವಿಳಾಸದವರೆಗೆ

ಹೈದರಾಬಾದಿನ ಜೀಡಿಮೆಟ್ಲಾದ ಚಹಾ ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕಳಿಸುವ ಮುನ್ನ ಅಂಗಡಿಯವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಹೆಸರು ಬೇರೆಯಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಬಿಟ್‌ಕಾಯಿನ್ ವಿಳಾಸದ ಹಿಂದೆ ಹೆಸರಿಲ್ಲ, ಬ್ಯಾಂಕಿಲ್ಲ, ತಪ್ಪನ್ನು ತಿದ್ದಿಕೊಡುವವರಿಲ್ಲ. ಆ ಕೆಲಸವನ್ನೆಲ್ಲ ಗಣಿತವೇ ಮಾಡಬೇಕು. ಇಲ್ಲಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಬೀದರ, ಕಲಬುರಗಿ ಕಡೆಯ ಹುಡುಗರು ವಾಲೆಟ್ ತೆರೆದು ಕೇಳುವುದುಂಟು: "ಅಣ್ಣಾ, ಅಡ್ರೆಸ್ ಅಂದ್ರ ಪಬ್ಲಿಕ್ ಕೀನೇ ಏನ್ರಿ?"

ಅಲ್ಲ. ಆದರೆ ಅದರಿಂದಲೇ ಹುಟ್ಟಿದ್ದು.

ಮೊದಲು ಇರುವುದು ಖಾಸಗಿ ಕೀ: 256 ಬಿಟ್‌ಗಳ, ಯಾರೂ ಊಹಿಸಲಾಗದ ಒಂದು ಸಂಖ್ಯೆ. ಮುಂದಿನ ಆಟ y² = x³ + 7 ಎಂಬ ಸಮೀಕರಣದ ವಕ್ರರೇಖೆಯದು. ಅದರ ಮೇಲಿನ ಎರಡು ಬಿಂದುಗಳನ್ನು 'ಕೂಡಿಸಿದರೆ' ಅದೇ ರೇಖೆಯ ಮೇಲೆ ಮೂರನೆಯ ಬಿಂದು ಸಿಗುತ್ತದೆ. ಈ ಬಗೆಯ ಯೋಚನೆ ನಮಗೆ ತೀರ ಹೊಸದಲ್ಲ. ಒಂದು ವರ್ಗ ಸಮೀಕರಣದ ಎರಡು ಪರಿಹಾರಗಳನ್ನು ಬೆಸೆದು ಮೂರನೆಯದನ್ನು ಪಡೆಯುವ 'ಭಾವನಾ' ವಿಧಾನವನ್ನು ಬ್ರಹ್ಮಗುಪ್ತ 628ರಲ್ಲೇ ಹೇಳಿದ್ದ. ಸಮೀಕರಣ ಬೇರೆ, ಬೆಸುಗೆಯ ಚೆಲುವು ಅದೇ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರಿನ ಗಣಿತ ಸಂಸ್ಥೆ ಇದೇ ಹೈದರಾಬಾದಿನಲ್ಲಿದೆ. ಗುಪ್ತಲಿಪಿಯ ಗಣಿತ ಅಲ್ಲಿನ ಸಂಶೋಧನೆಯ ವಿಷಯಗಳಲ್ಲೊಂದು.

ಆ ವಕ್ರರೇಖೆಯ ಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಬಿಂದುವನ್ನು ಅದಕ್ಕೇ ಕೂಡಿಸುತ್ತ ಹೋಗಬೇಕು, ಖಾಸಗಿ ಕೀ ಎಷ್ಟೋ ಅಷ್ಟು ಸಲ. ತಲುಪಿದ ಬಿಂದುವೇ ಪಬ್ಲಿಕ್ ಕೀ. ಇಮ್ಮಡಿಸುತ್ತ ನಡೆದರೆ ಕೆಲವು ನೂರು ಹೆಜ್ಜೆಗಳಲ್ಲಿ ಮುಟ್ಟಬಹುದು. ತಲುಪಿದ ಬಿಂದುವನ್ನಷ್ಟೇ ನೋಡಿ ಎಷ್ಟು ಸಲ ಕೂಡಿಸಿದ್ದೆಂದು ಹೇಳುವ ದಾರಿ ಇಂದಿನ ಯಾವ ಕಂಪ್ಯೂಟರಿಗೂ ಸಿಕ್ಕಿಲ್ಲ.

ಆ ಪಬ್ಲಿಕ್ ಕೀಯನ್ನು ಎಸ್‌ಎಚ್‌ಎ-256ರಲ್ಲಿ, ಅದರ ಫಲವನ್ನು ರೈಪ್‌ಎಂಡಿ-160ರಲ್ಲಿ ಹಾಯಿಸಿದರೆ 20 ಬೈಟ್‌ಗಳ ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದ ಸಾರ, ಉಳಿಯುತ್ತದೆ. ಹಳೆಯ ಬಗೆಯ, 1ರಿಂದ ಶುರುವಾಗುವ ವಿಳಾಸದ ತಿರುಳು ಅದು. ಇನ್ನು ಉಳಿದದ್ದು ಮನುಷ್ಯರ ಕಣ್ಣು, ಬೆರಳುಗಳ ಮೇಲಿನ ಕಾಳಜಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ. ಬರೆಯಲು ಆರಿಸಿಕೊಂಡದ್ದು 58 ಅಕ್ಷರ-ಅಂಕಿಗಳನ್ನು. ಸೊನ್ನೆ ಮತ್ತು ದೊಡ್ಡ ಓ, ದೊಡ್ಡ ಐ ಮತ್ತು ಸಣ್ಣ ಎಲ್ ಒಂದನ್ನೊಂದು ಹೋಲುವುದರಿಂದ ನಾಲ್ಕನ್ನೂ ಕೈಬಿಟ್ಟರು. ಕೊನೆಗೆ 4 ಬೈಟ್‌ಗಳ ತಾಳೆ ಅಂಕಿ. ಒಂದಕ್ಷರ ತಪ್ಪಿದರೂ ವಾಲೆಟ್ ಹಣ ಕಳಿಸಲು ಒಪ್ಪುವುದಿಲ್ಲ. ತಪ್ಪು ವಿಳಾಸವೊಂದು ಅಕಸ್ಮಾತ್ ನುಸುಳುವ ಸಾಧ್ಯತೆ ಸುಮಾರು 429 ಕೋಟಿಯಲ್ಲಿ ಒಂದು.

ಹಣ ಬರುವಾಗ ಲೋಕಕ್ಕೆ ಕಾಣುವುದು ಈ ಹ್ಯಾಶ್ ಮಾತ್ರ. ಖರ್ಚು ಮಾಡುವಾಗ ಪಬ್ಲಿಕ್ ಕೀಯನ್ನೂ ಖಾಸಗಿ ಕೀಯಿಂದ ಮಾಡಿದ ಸಹಿಯನ್ನೂ ಮುಂದಿಡಬೇಕು. ಜಾಲದ ಕಂಪ್ಯೂಟರುಗಳು ಆ ಕೀಯನ್ನು ತಾವೂ ಹ್ಯಾಶ್ ಮಾಡಿ ವಿಳಾಸದೊಂದಿಗೆ ತಾಳೆ ನೋಡುತ್ತವೆ, ಬಳಿಕ ಸಹಿಯನ್ನು ಪರೀಕ್ಷಿಸುತ್ತವೆ. ಖಾಸಗಿ ಕೀ ಮಾತ್ರ ಯಾವ ಹಂತದಲ್ಲೂ ಹೊರಗೆ ಬರುವುದಿಲ್ಲ.

2009ರ ಮೊದಲ ದಿನಗಳ ಎಷ್ಟೋ ನಾಣ್ಯಗಳನ್ನು ನೇರವಾಗಿ ಪಬ್ಲಿಕ್ ಕೀಗೇ ಬರೆದಿಟ್ಟಿದ್ದರು. ಪಬ್ಲಿಕ್ ಕೀಯಿಂದ ಖಾಸಗಿ ಕೀಯನ್ನು ಕಂಡುಹಿಡಿಯಬಲ್ಲ ದೊಡ್ಡ ಕ್ವಾಂಟಂ ಯಂತ್ರಗಳು ಮುಂದೆ ಬಂದರೆ ಮೊದಲ ಅಪಾಯ ಹೀಗೆ ಬಯಲಾದ ಕೀಗಳಿಗೇ ಎಂಬ ಆತಂಕವಿದೆ. 2021ರಲ್ಲಿ ಬಂದ ಟ್ಯಾಪ್‌ರೂಟ್ ಎಂಬ ಬಗೆಯ ವಿಳಾಸಗಳು ಹ್ಯಾಶಿನ ಮರೆಯನ್ನು ಮತ್ತೆ ಬಿಟ್ಟು, ತುಸು ಮಾರ್ಪಡಿಸಿದ ಪಬ್ಲಿಕ್ ಕೀಯನ್ನೇ ಹೊತ್ತಿವೆ. ತಿಳಿದೇ ಮಾಡಿಕೊಂಡ ಈ ರಾಜಿ ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಒಂದು ವಿಳಾಸದಿಂದ ಒಮ್ಮೆ ಖರ್ಚು ಮಾಡಿದರೆ ಅದರ ಪಬ್ಲಿಕ್ ಕೀ ಬಯಲಾದಂತೆಯೇ. ಅದಕ್ಕೇ ಒಳ್ಳೆಯ ವಾಲೆಟ್ ಪ್ರತಿ ಸಲ ಹೊಸ ವಿಳಾಸ ಕೊಡುತ್ತದೆ. 2012ರಲ್ಲಿ ಬಂದ ಬಿಪ್-32 ಕ್ರಮದಲ್ಲಿ ಒಂದು ಮೂಲ ಪಬ್ಲಿಕ್ ಕೀಯಿಂದಲೇ ಸಾವಿರಾರು ವಿಳಾಸಗಳನ್ನು ಹೊರತೆಗೆಯಬಹುದು. ಗಲ್ಲಾಪೆಟ್ಟಿಗೆಯ ಬಳಿ ಕೂತ ಕಂಪ್ಯೂಟರ್ ಗ್ರಾಹಕನಿಗೊಂದರಂತೆ ಹೊಸ ವಿಳಾಸ ಕೊಡುತ್ತಿರಬಹುದು, ಖಾಸಗಿ ಕೀ ಮಾಲೀಕರ ಮನೆಯಲ್ಲೇ ಇರಬಹುದು.