ಸಾಲ್ಮನ್ ಪಂದ್ಯ, ಸಣ್ಣ ಮೀನಿನ ಲೆಕ್ಕ

ಅಮೆರಿಕದ ಮಿಷಿಗನ್ ಸರೋವರದ ದಂಡೆಯ ಊರುಗಳಲ್ಲಿ ಬೇಸಿಗೆ ಬಂತೆಂದರೆ ಸಾಲ್ಮನ್ ಹಿಡಿಯುವ ಪಂದ್ಯಗಳ ಸುಗ್ಗಿ. ಪೂರ್ವ ದಂಡೆಯ ಲಡಿಂಗ್ಟನ್, ಪಶ್ಚಿಮ ದಂಡೆಯ ರಸೀನ್ ಇವುಗಳಿಗೆ ಹೆಸರಾದ ಊರುಗಳು. ಬೆಳಕು ಹರಿಯುವ ಮೊದಲೇ ದೋಣಿಗಳು ಬಂದರು ಬಿಡುತ್ತವೆ. ಗೊತ್ತಾದ ಹೊತ್ತಿಗೆ ಮರಳಿ ತಕ್ಕಡಿಯ ಮುಂದೆ ಸಾಲು ನಿಲ್ಲುತ್ತವೆ. ಸರೋವರ ಎಂಬ ಮಾತು ಕೇಳಿ ನಮ್ಮ ಕಣ್ಣಿಗೆ ಬರುವ ಚಿತ್ರ ಇಲ್ಲಿ ಸಾಲದು. ಸುಮಾರು 58,000 ಚದರ ಕಿಲೋಮೀಟರ್ ವಿಸ್ತಾರದ ಈ ನೀರಿನಲ್ಲಿ ಇಡೀ ಕೇರಳವನ್ನು ಮುಳುಗಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಅತಿ ಆಳದ ಕಡೆ 281 ಮೀಟರ್. ಇಷ್ಟು ದೊಡ್ಡ ನೀರಿನಲ್ಲಿ ಒಂದು ದೋಣಿಗೆ ಮೀನು ಸಿಕ್ಕಿ ಪಕ್ಕದ ದೋಣಿಗೆ ಸಿಗದಿದ್ದರೆ ಅದು ಬರೀ ಅದೃಷ್ಟ ಎಂದು ನೋಡುವವರಿಗೆ ಅನ್ನಿಸುವುದು ಸಹಜ. ನನ್ನ ವಾದ ಬೇರೆ. ಈ ಪಂದ್ಯದಲ್ಲಿ ಸಾಲ್ಮನ್‌ನ ಬೆನ್ನು ಹತ್ತುವವನಿಗಿಂತ, ಸಾಲ್ಮನ್ ತಿನ್ನುವ ಸಣ್ಣ ಮೀನಿನ ಜಾಡು ಹಿಡಿಯುವವನು ಮುಂದಿರುತ್ತಾನೆ. ಒಂದು ದಿನದ ಗೆಲುವಿಗೆ ಇದು ಎಷ್ಟು ನಿಜವೋ, ಪಂದ್ಯವೆಂಬುದು ಇನ್ನು ಹತ್ತು ವರ್ಷ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೂ ಅಷ್ಟೇ ನಿಜ.

ಮೊದಲು ದಿನದ ಲೆಕ್ಕ ನೋಡೋಣ. ಬೇಸಿಗೆಯಲ್ಲಿ ಇಂಥ ಆಳದ ಸರೋವರದ ನೀರು ಪದರಗಟ್ಟಿ ನಿಲ್ಲುತ್ತದೆ. ಬಿಸಿಲಿಗೆ ಕಾದ ಹಗುರ ನೀರು ಮೇಲೆ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಭಾರದ ತಣ್ಣೀರು ಕೆಳಗೆ, ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣಾಂಶ ಥಟ್ಟನೆ ಇಳಿಯುವ ತೆಳುವಾದ ಪದರ. ಇಲ್ಲಿನ ಪಂದ್ಯಗಳ ಮುಖ್ಯ ಗುರಿಯಾದ ಚಿನೂಕ್ ಸಾಲ್ಮನ್‌ಗೆ ಹಿತವಾದದ್ದು ಸುಮಾರು 10ರಿಂದ 13 ಡಿಗ್ರಿಯ ನೀರು. ಅದು ತಿನ್ನುವ ಏಲ್‌ವೈಫ್, ಬೂತಾಯಿಯನ್ನು ನೆನಪಿಗೆ ತರುವ ಬೆಳ್ಳಿ ಬಣ್ಣದ ಸಣ್ಣ ಮೀನು, ಇನ್ನೂ ಕೊಂಚ ಬೆಚ್ಚಗಿನ ನೀರನ್ನು ಮೆಚ್ಚುತ್ತದೆ. ಎರಡೂ ಒಂದನ್ನೊಂದು ಸಂಧಿಸುವುದು ಆ ನಡುವಣ ಪದರದ ಅಂಚಿನಲ್ಲಿ. ಆದರೆ ಆ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಗಾಳಿ ಮೇಲಿನ ಬೆಚ್ಚನೆಯ ನೀರನ್ನು ದಡದಿಂದ ಆಚೆಗೆ ತಳ್ಳಿದರೆ ತಳದ ತಣ್ಣೀರು ದಡದ ಹತ್ತಿರವೇ ಮೇಲೇರುತ್ತದೆ. ಗಾಳಿ ತಿರುಗಿದರೆ ಬೆಚ್ಚನೆಯ ನೀರು ದಡಕ್ಕೆ ಒತ್ತಿ, ತಣ್ಣನೆಯ ಪದರ ಆಳಕ್ಕೆ ಕುಸಿಯುತ್ತದೆ. ನಿನ್ನೆ ದಡದಿಂದ ಕೂಗಳತೆಯಲ್ಲಿ ಸಿಕ್ಕ ಮೀನಿಗೆ ಇವತ್ತು ಹತ್ತಾರು ಕಿಲೋಮೀಟರ್ ಒಳಗೆ ಹೋಗಬೇಕಾಗಬಹುದು. ಹಾಗಾಗಿ ಪಂದ್ಯಕ್ಕೆ ಮೊದಲಿನ ಮೂರು ನಾಲ್ಕು ದಿನಗಳ ಗಾಳಿಯ ದಿಕ್ಕು, ಪಂದ್ಯದ ದಿನದ ಗಾಳಿಗಿಂತ ಹೆಚ್ಚು ಹೇಳುತ್ತದೆ.

ಸಾಮಗ್ರಿಗಳೆಲ್ಲ ಹುಟ್ಟಿಕೊಂಡಿರುವುದು ಈ ಒಂದು ಸಮಸ್ಯೆಗೆ ಉತ್ತರವಾಗಿಯೇ. ದೋಣಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ಸಾಗುತ್ತ ಹತ್ತಾರು ದಾರಗಳನ್ನು ಹಿಂದೆ ಎಳೆಯುತ್ತದೆ. ಡೌನ್‌ರಿಗ್ಗರ್ ಎಂಬ ರಾಟೆಯಿಂದ ತಂತಿಯಲ್ಲಿ ಇಳಿಬಿಟ್ಟ ಭಾರದ ಗುಂಡು ಗಾಳವನ್ನು ಬೇಕಾದ ಆಳದಲ್ಲಿ ಹಿಡಿದಿಡುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಗುಂಡಿನಿಂದ ಕಳಚಿಕೊಳ್ಳುತ್ತದೆ. ಪಕ್ಕಕ್ಕೆ ಸರಿಯುವ ಹಲಗೆಗಳು ಉಳಿದ ದಾರಗಳನ್ನು ದೋಣಿಯ ಎಡಬಲಕ್ಕೆ ದೂರ ಒಯ್ಯುತ್ತವೆ, ಒಂದಕ್ಕೊಂದು ಸಿಕ್ಕಾಗದಂತೆ. ಗಾಳದ ತುದಿಗಿರುವುದು ಬಹುತೇಕ ಲೋಹದ ಚಮಚದಂಥ ಹುಸಿ ಮೀನು. ಕತ್ತಲಲ್ಲಿ ಬೆಳಗುವ ಬಣ್ಣದ್ದು ನಸುಕಿಗೆ, ಬೆಳ್ಳಿ ಹೊಳಪಿನದು ಬಿಸಿಲೇರಿದ ಮೇಲೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಗುಂಡಿನ ಹತ್ತಿರ ಕಟ್ಟುವ ಪುಟ್ಟ ಉಪಕರಣ. ಆಳದಲ್ಲಿ ನೀರು ಎಷ್ಟು ತಣ್ಣಗಿದೆ, ಗಾಳ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಅದು ಮೇಲಕ್ಕೆ ತಿಳಿಸುತ್ತದೆ. ಮೇಲಿನ ವೇಗವೇ ಕೆಳಗೂ ಇರುತ್ತದೆಂದು ನಂಬಿದವನು ಮೋಸಹೋಗುತ್ತಾನೆ: ಆಳದಲ್ಲಿ ಸೆಳೆತ ಬೇರೆ ದಿಕ್ಕಿಗಿದ್ದರೆ, ಉತ್ತರಕ್ಕೆ ಸಾಗುವಾಗ ಸರಿಯಾಗಿ ಕುಣಿಯುವ ಹುಸಿ ಮೀನು ದಕ್ಷಿಣಕ್ಕೆ ತಿರುಗಿದಾಗ ಸತ್ತ ತಗಡಾಗುತ್ತದೆ. ಒಂದೇ ದೋಣಿ, ಒಂದೇ ಜಾಗ, ಒಂದು ದಿಕ್ಕಿನಲ್ಲಿ ಮೀನು, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲ. ಅದೃಷ್ಟ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಂಥದ್ದು.

ಅದೃಷ್ಟವೇ ಇಲ್ಲವೆಂದು ಹೇಳಹೊರಟರೆ ಅದು ಹಟವಾದೀತು. ಇಡೀ ಋತುವಿನ ಅತಿ ದೊಡ್ಡ ಒಂದೇ ಮೀನಿಗೆ ಬಹುಮಾನ ಕೊಡುವ ಪಂದ್ಯಗಳಲ್ಲಿ ಅದರ ಪಾಲು ದೊಡ್ಡದೇ. ರಜೆಗೆ ಬಂದ ಹುಡುಗನೊಬ್ಬ ಹಳೆಯ ಹುಲಿಗಳನ್ನೆಲ್ಲ ಹಿಂದೆ ಹಾಕಬಹುದು. ತಂಡಗಳ ಪಂದ್ಯ ಹಾಗಲ್ಲ. ಅಲ್ಲಿ ಮೀನೊಂದಕ್ಕೆ 10 ಅಂಕ, ಅದರ ಮೇಲೆ ಪೌಂಡಿಗೆ ಒಂದರಂತೆ ಅಂಕ ಎಂಬ ಬಗೆಯ ಲೆಕ್ಕ ಇರುತ್ತದೆ, ತೂಕಕ್ಕೆ ತರಬಹುದಾದ ಮೀನುಗಳ ಸಂಖ್ಯೆಗೆ ಮಿತಿಯೂ ಇರುತ್ತದೆ. 20 ಪೌಂಡಿನ ಚಿನೂಕ್‌ಗೆ 30 ಅಂಕ ಬಂದರೆ, 5 ಪೌಂಡಿನ ಲೇಕ್ ಟ್ರೌಟ್‌ಗೂ 15 ಸಿಗುತ್ತದೆ. ಹಾಗಾಗಿ ತಂಡ ನಿರ್ಧರಿಸಬೇಕಾದದ್ದು ಬಹಳ: ಬೆಳಗಿನ ಮೊದಲ ಎರಡು ಗಂಟೆ ಚಿನೂಕ್‌ಗೆ ಮೀಸಲಿಟ್ಟು, ಬಿಸಿಲೇರಿದ ಮೇಲೆ ತಳದಲ್ಲಿರುವ ಟ್ರೌಟ್‌ಗಳಿಂದ ಎಣಿಕೆ ತುಂಬಿಸುವುದೇ? ಅಥವಾ ದೊಡ್ಡದಕ್ಕಾಗಿ ಕಾದು ಬುಟ್ಟಿ ಅರ್ಧ ಖಾಲಿ ಇಟ್ಟುಕೊಂಡು ಬರುವುದೇ? ತೂಕವೇ ಹಣವಾದಾಗ ಕಳ್ಳಲೆಕ್ಕವೂ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈರಿ ಸರೋವರದ ವಾಲೈ ಮೀನಿನ ಪಂದ್ಯವೊಂದರಲ್ಲಿ ಗೆದ್ದ ಮೀನುಗಳ ಹೊಟ್ಟೆಯಿಂದ ಸೀಸದ ಗುಂಡುಗಳು ಹೊರಬಿದ್ದವು. ಇಬ್ಬರು ಮರುವರ್ಷ ತಪ್ಪೊಪ್ಪಿಕೊಂಡು 10 ದಿನ ಜೈಲಿಗೂ ಹೋದರು. ಸುಳ್ಳು ಪತ್ತೆ ಯಂತ್ರದ ಮುಂದೆ ಗೆದ್ದವರನ್ನು ಕೂರಿಸುವ ಪದ್ಧತಿಯೂ ಹಲವು ಪಂದ್ಯಗಳಲ್ಲಿದೆ. ತಮಾಷೆಯೆನಿಸಿದರೂ, ಬಹುಮಾನದ ಹಣ ನೋಡಿದರೆ ಆ ಎಚ್ಚರ ಅತಿಯೆನಿಸುವುದಿಲ್ಲ.

ಇನ್ನು ವರ್ಷಗಳ ಲೆಕ್ಕ. ಈ ಸರೋವರದಲ್ಲಿ ಸಾಲ್ಮನ್ ಸಹಜವಾಗಿ ಇದ್ದ ಮೀನೇ ಅಲ್ಲ. ಅದು ತಿನ್ನುವ ಏಲ್‌ವೈಫ್ ಕೂಡ ಹೊರಗಿನದೇ. ನಯಾಗರಾ ಜಲಪಾತ ಅಟ್ಲಾಂಟಿಕ್ ಕಡೆಯ ಜೀವಿಗಳಿಗೆ ಗೋಡೆಯಾಗಿತ್ತು. 1829ರಲ್ಲಿ ತೆರೆದ ವೆಲ್ಯಾಂಡ್ ಕಾಲುವೆ ಆ ಗೋಡೆಯನ್ನು ಸುತ್ತುವ ದಾರಿ ಮಾಡಿಕೊಟ್ಟಿತು. ಮೀನಿನ ಮೈಗೆ ಅಂಟಿ ರಕ್ತ ಹೀರುವ ಲ್ಯಾಂಪ್ರೆ 1930ರ ದಶಕದಲ್ಲಿ ಮಿಷಿಗನ್ ತಲುಪಿತು. ಅದರ ಕಾಟ ಮತ್ತು ಮಿತಿಮೀರಿದ ಮೀನುಗಾರಿಕೆ ಸೇರಿ, ಅಲ್ಲಿನ ದೊಡ್ಡ ಬೇಟೆಗಾರನಾಗಿದ್ದ ಲೇಕ್ ಟ್ರೌಟ್ ಆ ಕಾಲಕ್ಕೆ ಬಹುತೇಕ ನಿರ್ನಾಮವಾಯಿತು. 1949ರಲ್ಲಿ ಏಲ್‌ವೈಫ್ ಕಾಣಿಸಿಕೊಂಡಾಗ ಅದನ್ನು ತಿನ್ನುವವರೇ ಉಳಿದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸರೋವರವನ್ನೇ ತುಂಬಿತು; 1967ರಲ್ಲಿ ರಾಶಿ ರಾಶಿ ಸತ್ತು ಷಿಕಾಗೋದಿಂದ ಮಿಷಿಗನ್‌ವರೆಗಿನ ದಂಡೆಗಳಲ್ಲಿ ಕೊಳೆತು ನಾರಿತು. ಅದಕ್ಕೂ ಒಂದು ವರ್ಷ ಮೊದಲೇ, 1966ರ ವಸಂತದಲ್ಲಿ, ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಹವರ್ಡ್ ಟ್ಯಾನರ್ ಮತ್ತು ವೇಯ್ನ್ ಟೋಡಿ ಪೆಸಿಫಿಕ್ ಕಡೆಯ ಆರೆಗಾನ್‌ನಿಂದ ಮೊಟ್ಟೆ ತರಿಸಿ ಬೆಳೆಸಿದ ಕೋಹೋ ಸಾಲ್ಮನ್ ಮರಿಗಳನ್ನು ಪ್ಲಾಟ್ ನದಿ ಮತ್ತು ಬೇರ್ ಹಳ್ಳಕ್ಕೆ ಬಿಟ್ಟಿದ್ದರು. ಮರುವರ್ಷ ಚಿನೂಕ್ ಬಂತು. ಉದ್ದೇಶ ಏಲ್‌ವೈಫ್ ಹತೋಟಿ ಮಾತ್ರವಲ್ಲ; ಜನ ಗಾಳ ಹಿಡಿದು ಬರುವಂಥ ಹೊಸ ಮೀನುಗಾರಿಕೆಯನ್ನೇ ಕಟ್ಟುವುದು. ಆ ಲೆಕ್ಕದಲ್ಲಿ ಯೋಜನೆ ಅಪಾರ ಯಶಸ್ಸು ಕಂಡಿತು. 1967ರ ಸೆಪ್ಟೆಂಬರಿನಲ್ಲೇ ಕೋಹೋ ಹುಚ್ಚಿಗೆ ಸಣ್ಣ ಸಣ್ಣ ದೋಣಿಗಳಲ್ಲಿ ಸಾವಿರಾರು ಜನ ನೀರಿಗಿಳಿದು, ಬಿರುಗಾಳಿಗೆ ಸಿಕ್ಕಿ ಏಳು ಮಂದಿ ಸತ್ತರು.

ಇಲ್ಲಿಂದ ಮುಂದೆ ಎಲ್ಲರಿಗೂ ಹೊಳೆಯುವ ತರ್ಕ ಒಂದೇ: ಮರಿ ಬಿಟ್ಟರೆ ಮೀನು, ಹೆಚ್ಚು ಬಿಟ್ಟರೆ ಹೆಚ್ಚು ಮೀನು. 1980ರ ದಶಕದ ಕೊನೆಗೆ ಮಿಷಿಗನ್ ಸರೋವರಕ್ಕೆ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಚಿನೂಕ್ ಮರಿಗಳು ಬೀಳುತ್ತಿದ್ದವು. ಅದೇ ಹೊತ್ತಿಗೆ, 1988ರ ವಸಂತದಿಂದ, ಮೂತ್ರಪಿಂಡದ ಸೋಂಕಿನಿಂದ ಚಿನೂಕ್‌ಗಳು ಸಾಯತೊಡಗಿದವು. ಹೊಟ್ಟೆಗೆ ಸಾಲದೆ ಸೊರಗಿದ ಮೀನಿಗೆ ರೋಗ ಬೇಗ ತಟ್ಟಿತು ಎಂಬ ವಿವರಣೆ ಅಂದೇ ಬಂದಿತ್ತು. ಹೆಚ್ಚು ಬಿಟ್ಟರೆ ಹೆಚ್ಚು ಮೀನು ಎಂಬ ತರ್ಕಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಪಕ್ಕದ ಹ್ಯೂರನ್ ಸರೋವರದಲ್ಲಿ. 2003ರ ಸುಮಾರಿಗೆ ಅಲ್ಲಿ ಏಲ್‌ವೈಫ್ ಒಮ್ಮೆಗೇ ಕುಸಿಯಿತು, ಮತ್ತೆ ಏಳಲೇ ಇಲ್ಲ. ಅದರ ಹಿಂದೆಯೇ ಚಿನೂಕ್ ಸೊರಗಿ ಮಾಯವಾಯಿತು. ಬಾಡಿಗೆ ದೋಣಿ, ವಸತಿಗೃಹ, ಗಾಳದ ಅಂಗಡಿ ನಂಬಿದ್ದ ದಂಡೆಯ ಸಣ್ಣ ಊರುಗಳು ಕೆಲವೇ ವರ್ಷಗಳಲ್ಲಿ ಬಿಕೋ ಎಂದವು.

ಹೆಚ್ಚು ಮರಿ ಬಿಟ್ಟದ್ದೇ ಈ ಕುಸಿತಕ್ಕೆ ಕಾರಣ ಎಂಬುದನ್ನು ಪಂದ್ಯದವರಲ್ಲಿ ಅನೇಕರು ಒಪ್ಪುವುದಿಲ್ಲ. ಏಲ್‌ವೈಫ್ ಕುಸಿದದ್ದು ಸಾಲ್ಮನ್‌ನಿಂದಲ್ಲ, ಹಡಗುಗಳ ತಳದ ನೀರಿನೊಡನೆ ಬಂದ ಜೀಬ್ರಾ, ಕ್ವಾಗಾ ಎಂಬ ಚಿಪ್ಪುಜೀವಿಗಳಿಂದ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಕ್ವಾಗಾ ನೀರನ್ನು ಸೋಸಿ ಸೂಕ್ಷ್ಮ ಪಾಚಿಯನ್ನು ತಿಂದುಹಾಕುತ್ತದೆ. ಆ ಪಾಚಿ ತಿನ್ನುವ ಕ್ರಿಮಿಗಳಿಗೂ, ಆ ಕ್ರಿಮಿ ತಿನ್ನುವ ಏಲ್‌ವೈಫ್‌ಗೂ ಪಾಲು ಕಡಿಮೆಯಾಗುತ್ತದೆ. ಕಡು ಚಳಿಗಾಲವೂ ಏಲ್‌ವೈಫ್ ಮರಿಗಳನ್ನು ಕೊಲ್ಲುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ನನಗೆ ಕಾಣುತ್ತದೆ. ಸರೋವರದ ತಳಕ್ಕೆ ಹಾಸಿದ ಕ್ವಾಗಾವನ್ನು ಕೆರೆದು ತೆಗೆಯುವ ದಾರಿ ಯಾರಿಗೂ ಗೊತ್ತಿಲ್ಲ, ಚಳಿಗಾಲವೂ ಮಾತು ಕೇಳುವುದಿಲ್ಲ. ಬಾಯಿಗಳ ಸಂಖ್ಯೆಯೊಂದೇ ಮನುಷ್ಯರ ಕೈಯಲ್ಲಿರುವುದು. ಅದೂ ಪೂರ್ತಿ ಅಲ್ಲ: ರೆಕ್ಕೆ ಕತ್ತರಿಸಿ ಗುರುತು ಮಾಡಿ ಬಿಟ್ಟ ಮರಿಗಳ ಲೆಕ್ಕ ಹಿಡಿದಾಗ, ಮಿಷಿಗನ್ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ನದಿಗಳಲ್ಲಿ ತಾವೇ ಹುಟ್ಟಿದವೆಂದು ತಿಳಿಯಿತು. ಉಳಿದ ಪಾಲನ್ನಾದರೂ ಇಳಿಸದೆ ಗತಿಯಿರಲಿಲ್ಲ. 2013ರಲ್ಲಿ ದಂಡೆಯ ರಾಜ್ಯಗಳು ಚಿನೂಕ್ ಮರಿಗಳನ್ನು ಸುಮಾರು ಅರ್ಧಕ್ಕೆ ಇಳಿಸಿದವು, ಮುಂದೆ ಇನ್ನಷ್ಟು ಕಡಿತವಾಯಿತು. ಬಾಡಿಗೆ ದೋಣಿಯವರು ಸಿಟ್ಟಾದರು. ಆದರೆ ಬಳಿಕದ ವರ್ಷಗಳಲ್ಲಿ ಮೀನಿನ ಮೈ ತುಂಬಿಕೊಂಡಿತು. 2021ರ ಆಗಸ್ಟಿನಲ್ಲಿ ಲಡಿಂಗ್ಟನ್ ಬಳಿ 47.86 ಪೌಂಡಿನ, ಎಂದರೆ 21 ಕಿಲೋ ಮೀರಿದ ಚಿನೂಕ್ ಸಿಕ್ಕಿ 1978ರಿಂದ ನಿಂತಿದ್ದ ರಾಜ್ಯದ ದಾಖಲೆ ಮುರಿಯಿತು. ಒಂದು ಮೀನು ಸಾಕ್ಷಿಯಾಗುವುದಿಲ್ಲ, ನಿಜ. ಮೂರು ವರ್ಷದ ಹೆಣ್ಣು ಚಿನೂಕ್‌ನ ಸರಾಸರಿ ತೂಕವನ್ನು ಇಲಾಖೆಗಳು ಪ್ರತಿವರ್ಷ ಹಿಡಿದು ನೋಡುವುದು ಅದಕ್ಕೇ. ಆದರೂ ಹಸಿದ ಸರೋವರದಲ್ಲಿ ಅಷ್ಟು ದೊಡ್ಡ ಮೀನು ಬೆಳೆಯಲಾರದು.

ಇನ್ನೂ ಗಟ್ಟಿಯಾದ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಹೊರಗಿನ ಮೀನನ್ನು ಸಾಕಲು ಹೊರಗಿನದೇ ಇನ್ನೊಂದು ಮೀನನ್ನು ಕಾಪಾಡುವುದೇಕೆ, ಎರಡೂ ಹೋಗಲಿ ಬಿಡಿ ಎನ್ನುವವರಿದ್ದಾರೆ. ಹ್ಯೂರನ್ ಅವರ ಪಾಲಿನ ಸಾಕ್ಷಿ. ಏಲ್‌ವೈಫ್‌ನ ಮೈಯಲ್ಲಿ ಬಿ1 ವಿಟಮಿನ್ ಒಡೆಯುವ ಕಿಣ್ವವಿದೆ. ಅದನ್ನೇ ತಿಂದ ಲೇಕ್ ಟ್ರೌಟ್‌ನ ಮರಿಗಳು ಹುಟ್ಟಿದ ಕೆಲದಿನಗಳಲ್ಲಿ ಸಾಯುತ್ತವೆ. ಬೇರೆ ಮೀನುಗಳ ಎಳೆಮರಿಗಳನ್ನೂ ಅದು ನುಂಗುತ್ತದೆ. ಹ್ಯೂರನ್‌ನಲ್ಲಿ ಏಲ್‌ವೈಫ್ ಹೋದ ಮೇಲೆ ಲೇಕ್ ಟ್ರೌಟ್ ತಾನಾಗಿ ಮರಿ ಹಾಕತೊಡಗಿತು, ಸ್ಯಾಗಿನಾ ಕೊಲ್ಲಿಯ ವಾಲೈ ಎಷ್ಟು ಹೆಚ್ಚಿತೆಂದರೆ ಅದರ ಮರಿ ಬಿಡುವುದನ್ನೇ ನಿಲ್ಲಿಸಿದರು. ಇದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಸಾಲ್ಮನ್ ಪಂದ್ಯ ಚೆನ್ನಾಗಿ ನಡೆಯಿತೆಂದರೆ ಸರೋವರದ ಆರೋಗ್ಯ ಚೆನ್ನಾಗಿದೆ ಎಂದು ಸಂಘಟಕರು ಹೇಳಿಕೊಳ್ಳುವುದನ್ನು ನಾನು ಒಪ್ಪಲಾರೆ. ಅದು ತೋರಿಸುವುದು 1966ರಲ್ಲಿ ಮನುಷ್ಯರೇ ಮಾಡಿಕೊಂಡ ಒಪ್ಪಂದ ಇನ್ನೂ ನಿಂತಿದೆ ಎಂಬುದನ್ನಷ್ಟೇ. ಆದರೆ ಆ ಒಪ್ಪಂದದ ಮೇಲೆ ಅರವತ್ತು ವರ್ಷಗಳಿಂದ ಊರುಗಳು ನಿಂತಿವೆ. ನದಿಗಳಲ್ಲಿ ತಾನೇ ಹುಟ್ಟುತ್ತಿರುವ ಚಿನೂಕನ್ನು ಆದೇಶ ಹೊರಡಿಸಿ ಓಡಿಸಲೂ ಆಗದು. ಹಾಗಿರುವಾಗ ಏಲ್‌ವೈಫ್ ಸಂಖ್ಯೆಯನ್ನು ತೀರ ಉಕ್ಕದಂತೆ, ತೀರ ಕುಸಿಯದಂತೆ ಇಕ್ಕಟ್ಟಾದ ಹದದಲ್ಲಿ ಹಿಡಿಯುವುದೇ ಸಾಧ್ಯವಿರುವ ದಾರಿ, ಮತ್ತು ಆ ಹದ ಲೇಕ್ ಟ್ರೌಟ್‌ಗೂ ಮೊದಲಿಗಿಂತ ಮೇಲು.

ಪ್ರತಿ ಶರತ್ಕಾಲದಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಹಡಗು ಮಿಷಿಗನ್ ಸರೋವರದ ತಳದಲ್ಲಿ ಬಲೆ ಎಳೆದು ಸಣ್ಣ ಮೀನುಗಳ ಲೆಕ್ಕ ತೆಗೆಯುತ್ತದೆ. ಇದು 1973ರಿಂದ ನಡೆದುಬಂದಿದೆ. ಸರೋವರದಲ್ಲಿ ಏಲ್‌ವೈಫ್ ಎಷ್ಟು ಉಳಿದಿದೆ ಎಂಬುದರ ಸುಳಿವು ಅಲ್ಲಿಂದ ಸಿಗುತ್ತದೆ, ಮುಂದಿನ ಎರಡು ಮೂರು ಬೇಸಿಗೆಗಳಲ್ಲಿ ತಕ್ಕಡಿಗೆ ಬೀಳುವ ಚಿನೂಕ್‌ನ ತೂಕ ಬಹುಪಾಲು ಅದನ್ನೇ ಅವಲಂಬಿಸಿದೆ. ಪಂದ್ಯದ ಹಿಂದಿನ ರಾತ್ರಿ ಗಾಳಿಯ ಮುನ್ಸೂಚನೆಯನ್ನು ಅಷ್ಟೊಂದು ಕಣ್ಣಿಟ್ಟು ನೋಡುವ ತಂಡಗಳು ಈ ವರದಿಯನ್ನೂ ಓದುವಂತಾದರೆ, ಮರಿ ಕಡಿತದ ಸಭೆಗಳಲ್ಲಿ ಏಳುವ ಕೂಗಾಟ ಅರ್ಧದಷ್ಟಾದರೂ ತಗ್ಗೀತು.