ಕೂಸು ಹುಟ್ಟುವ ಮುನ್ನವೇ ಕುಲಾವಿಯ ಬೆಲೆ

ವಿಡಿಯೋ ಆಟವೊಂದನ್ನು ಪೂರ್ಣ ಬೆಲೆ ತೆತ್ತು ಕೊಂಡ ಮೇಲೂ ಅದೇ ಆಟದ ಹೆಸರಿನಲ್ಲಿ ಮತ್ತೊಮ್ಮೆ ಹಣ ಕೇಳುವ ಮಕ್ಕಳು ಇಂದು ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ಒಮ್ಮೆ ಕೊಂಡ ಚದುರಂಗದ ಹಲಗೆಗೆ ಮರುವರ್ಷ ಮತ್ತೆ ಹಣ ಕೊಡುವುದುಂಟೆ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಹಲವು ಬಾರಿ ಆ ಹಣವನ್ನು ಕೇಳುತ್ತಿರುವುದು ಇನ್ನೂ ತಯಾರಾಗದ ಸರಕಿಗೆ. ಆ ಸರಕು ಏನೆಂಬುದನ್ನು ಮಾರುವವನೂ ಹೇಳಿರುವುದಿಲ್ಲ. ನೀರಿನಲ್ಲಿ ಮುಳುಗಿರುವ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟುವ ಈ ವ್ಯವಹಾರಕ್ಕೆ ವಿದ್ಯಾವಂತ ತರುಣರು ಏಕೆ ಒಪ್ಪುತ್ತಾರೆ, ಒಪ್ಪುವುದರಲ್ಲಿ ಏನಾದರೂ ವಿವೇಕವಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಸರಕಿನ ಪರಿಚಯ. ಆಟ ಬಿಡುಗಡೆಯಾದ ನಂತರ ಅದಕ್ಕೆ ಸೇರಿಸಲಾಗುವ ಹೊಸ ಕಥಾಭಾಗ, ಹೊಸ ಊರು, ಹೊಸ ಪಾತ್ರ, ಹೊಸ ಉಡುಪು ಮೊದಲಾದವುಗಳನ್ನು ಒಟ್ಟಾರೆ ಡಿಎಲ್‌ಸಿ, ಅಂದರೆ ಅಂತರಜಾಲದಿಂದ ಇಳಿಸಿಕೊಳ್ಳುವ ಹೆಚ್ಚುವರಿ ಭಾಗ, ಎಂದು ಕರೆಯುತ್ತಾರೆ. 1990ರ ದಶಕದಲ್ಲಿ ಇಂಥ ವಿಸ್ತರಣೆಗಳು ಸಿ.ಡಿ. ರೂಪದಲ್ಲಿ ಪೆಟ್ಟಿಗೆಯೊಳಗೆ ಅಂಗಡಿಗೆ ಬರುತ್ತಿದ್ದವು. ಪೆಟ್ಟಿಗೆಯ ಹಿಂಬದಿಯಲ್ಲಿ ಒಳಗೇನಿದೆ ಎಂಬ ವಿವರವಿರುತ್ತಿತ್ತು. 2005ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಯಂತ್ರ ಬಂದ ಮೇಲೆ ಸಣ್ಣಪುಟ್ಟ ಭಾಗಗಳನ್ನೂ ಬಿಡಿಬಿಡಿಯಾಗಿ ಮಾರುವ ಪದ್ಧತಿ ಬಲವಾಯಿತು. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ ತನ್ನ ‘ಆಬ್ಲಿವಿಯನ್’ ಎಂಬ ಆಟದಲ್ಲಿನ ಕುದುರೆಗೆ ತೊಡಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಿತು. ಕವಚದಿಂದ ಆಟಕ್ಕೆ ಹೇಳಿಕೊಳ್ಳುವಂಥ ಪ್ರಯೋಜನವೇನೂ ಇರಲಿಲ್ಲ. ಆಟಗಾರರ ಲೋಕದಲ್ಲಿ ಅದು ಇಂದಿಗೂ ನಗೆಯ ವಸ್ತು. (2025ರಲ್ಲಿ ಇದೇ ಆಟದ ನವೀಕೃತ ರೂಪ ಹೊರಬಂದಾಗ ಹೆಚ್ಚು ಬೆಲೆಯ ಆವೃತ್ತಿಯಲ್ಲಿ ಕುದುರೆಯ ಹೊಸ ಕವಚವನ್ನೂ ಸೇರಿಸಿದ್ದರು, ನಗೆಯೂ ಮಾರಾಟವಾಗುತ್ತದೆ!) ಆದರೆ ಆ ಕವಚಕ್ಕೆ ಒಂದು ಸದ್ಗುಣವಿತ್ತು. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಕುದುರೆಯ ಕವಚವೆಂದು ಗೊತ್ತಿತ್ತು.

ಆ ಗುಣವೂ ಮರೆಯಾಗತೊಡಗಿದ್ದು ‘ಸೀಸನ್ ಪಾಸ್’ ಬಂದ ಮೇಲೆ. 2011ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ‘ಎಲ್.ಎ. ನುವಾರ್’ ಆಟಕ್ಕೆ ಇಂಥ ಪಾಸೊಂದನ್ನು ಮಾರಿತು. ಮುಂದೆ ಬರಲಿರುವ ಎಲ್ಲ ಭಾಗಗಳಿಗೂ ಈಗಲೇ ಒಟ್ಟಾಗಿ ಹಣ ಕೊಟ್ಟರೆ ರಿಯಾಯಿತಿ ಎಂಬುದು ಅದರ ತಿರುಳು. ನೋಡನೋಡುತ್ತಿದ್ದಂತೆ ಇತರ ದೊಡ್ಡ ಸಂಸ್ಥೆಗಳೂ ಇದನ್ನು ಅನುಸರಿಸಿದವು. ಸೀಸನ್ ಪಾಸ್ ಎಂಬ ಮಾತು ಮುಂಬಯಿಯ ನಮಗೆ ಹೊಸದಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಪ್ರತಿದಿನ ಪ್ರಯಾಣಿಸುವವರ ಕಿಸೆಯಲ್ಲಿ ಅದು ಇದ್ದೇ ಇರುತ್ತದೆ. ಆದರೆ ರೈಲ್ವೆಯ ಪಾಸಿನ ಮೇಲೆ ಹೊರಡುವ ಮತ್ತು ತಲುಪುವ ನಿಲ್ದಾಣಗಳ ಹೆಸರು ಅಚ್ಚಾಗಿರುತ್ತದೆ. ಆಟದ ಪಾಸಿನಲ್ಲಿ ಹಣದ ಮೊತ್ತ ಮಾತ್ರ ಸ್ಪಷ್ಟ. ನಿಲ್ದಾಣ ಯಾವುದೆಂದು ಆಮೇಲೆ ತಿಳಿಸುತ್ತಾರೆ.

ಸಂಸ್ಥೆಗಳಿಗೆ ಇದರಿಂದ ಆಗುವ ಲಾಭ ಸುಲಭವಾಗಿ ಅರ್ಥವಾಗುವಂಥದ್ದು. ಆಟದ ಬಗ್ಗೆ ಉತ್ಸಾಹ ತುತ್ತತುದಿಯಲ್ಲಿರುವುದು ಬಿಡುಗಡೆಯ ಆಸುಪಾಸಿನ ಕೆಲವು ವಾರಗಳಲ್ಲಿ. ಆರು ತಿಂಗಳಾದ ಮೇಲೆ ಬರುವ ವಿಸ್ತರಣೆಯನ್ನು ಕೊಳ್ಳಲು ಅಷ್ಟು ಮಂದಿ ಉಳಿದಿರುವುದಿಲ್ಲ. ಆದ್ದರಿಂದ ಉತ್ಸಾಹವಿರುವಾಗಲೇ ಹಣ ಪಡೆಯುವುದು ಜಾಣತನ. ಜೊತೆಗೆ, ಪಾಸು ಕೊಂಡವನು ಆಟದ ಡಿಸ್ಕನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಮಾರಿಬಿಡದೆ ಇಟ್ಟುಕೊಳ್ಳುತ್ತಾನೆ. ವಿವರವನ್ನು ಮುಚ್ಚಿಡುವುದೆಲ್ಲ ವಂಚನೆಯೆಂದು ನಾನು ಹೇಳಲಾರೆ. ಎಷ್ಟೋ ವೇಳೆ ಏನು ಮಾಡಬೇಕೆಂಬುದು ತಯಾರಕರಿಗೇ ತೀರ್ಮಾನವಾಗಿರುವುದಿಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಕೊಳ್ಳುವವನು ಗ್ರಾಹಕನಲ್ಲ, ಸಾಲಿಗ. ಅವನು ಭದ್ರತೆಯಿಲ್ಲದೆ ಸಂಸ್ಥೆಗೆ ಹಣ ಕೊಟ್ಟಿರುತ್ತಾನೆ. ರಿಯಾಯಿತಿಯೇ ಅದಕ್ಕೆ ಸಿಗುವ ಬಡ್ಡಿ. ಸಾಲಕ್ಕೆ ಬರುವವನನ್ನು ನಾವು ಬ್ಯಾಂಕಿನವರು ಮೊದಲು ಕೇಳುವ ಪ್ರಶ್ನೆ ‘ಯಾವ ಉದ್ದೇಶಕ್ಕೆ?’ ಎಂಬುದು. ‘ಆಮೇಲೆ ಹೇಳುತ್ತೇನೆ’ ಎಂಬ ಉತ್ತರ ಬಂದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಮುಂಗಡ ಕೊಡುವುದೇ ತಪ್ಪೆಂದು ಇದರ ಅರ್ಥವಲ್ಲ. ಕನ್ನಡದ ಪುಸ್ತಕ ಪ್ರಿಯರಿಗೆ ಪ್ರಕಟಣಪೂರ್ವ ಚಂದಾ ಎಂಬುದು ಚಿರಪರಿಚಿತ. ದೊಡ್ಡ ಗ್ರಂಥವೊಂದು ಅಚ್ಚಾಗುವ ಮೊದಲೇ ಹಣ ಕಳುಹಿಸಿ, ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯ್ದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಲ್ಲಿ ಕೃತಿಯ ಹೆಸರು, ಸಂಪಾದಕರ ಹೆಸರು, ಪುಟಗಳ ಅಂದಾಜು, ಸಂಪುಟಗಳ ಸಂಖ್ಯೆ ಪ್ರಕಟಣೆಯಲ್ಲೇ ಇರುತ್ತವೆ. ಕಟ್ಟಡ ಮೇಲೇಳುವ ಮುನ್ನ ಫ್ಲಾಟಿಗೆ ಹಣ ಕಟ್ಟುವವರಿಗೂ ನಕ್ಷೆ ಸಿಗುತ್ತದೆ. ಅಷ್ಟೇ ಅಲ್ಲ, 2016ರ ರೇರಾ ಕಾಯಿದೆಯ ಪ್ರಕಾರ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಬಿಲ್ಡರ್ ಪಡೆಯುವಂತಿಲ್ಲ. ಆಟದ ಪಾಸಿನಲ್ಲಿ ಮುಂಗಡ ಶೇಕಡಾ 100.

ಇಷ್ಟನ್ನು ನಾನು ಪುಣೆಯಲ್ಲಿರುವ ಅಕ್ಕನ ಮಗನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. “ಮಾಮಾ, ಫಾಲ್‌ಔಟ್ ಲೆಕ್ಕ ನೋಡಿ. ಮೊದಲೇ ತಗೊಂಡೋರೇ ಗೆದ್ರು” ಎಂದ. ಅವನ ವಾದವನ್ನು ತಳ್ಳಿಹಾಕುವಂತಿರಲಿಲ್ಲವಾದ್ದರಿಂದ ಆ ಲೆಕ್ಕವನ್ನು ಸಾವಧಾನವಾಗಿ ನೋಡಿದೆ.

‘ಫಾಲ್‌ಔಟ್ 4’ ಮೇಲೆ ಹೇಳಿದ ಬೆಥೆಸ್ಡಾ ಸಂಸ್ಥೆಯದೇ ಆಟ. ಬಿಡುಗಡೆಯಾದುದು 2015ರ ನವೆಂಬರ್ 10ರಂದು. ಅದಕ್ಕೂ ಎರಡು ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, 30 ಡಾಲರಿನ ಪಾಸನ್ನು ಪ್ರಕಟಿಸಿದರು. ಹೆಚ್ಚುವರಿ ಭಾಗಗಳು ಏನಿರುತ್ತವೆಂಬುದು ತಮಗೂ ಇನ್ನೂ ತಿಳಿಯದು, ಆದರೆ ಒಟ್ಟು ಮೌಲ್ಯ ಕನಿಷ್ಠ 40 ಡಾಲರ್ ಆಗುವುದು ಖಂಡಿತ ಎಂದು ಸಂಸ್ಥೆ ಮುಚ್ಚುಮರೆಯಿಲ್ಲದೆ ಹೇಳಿತು. 2016ರ ಫೆಬ್ರುವರಿ ಮಧ್ಯದಲ್ಲಿ ಮೊದಲ ಮೂರು ಭಾಗಗಳ ವಿವರ ಹೊರಬಿತ್ತು: ಯಂತ್ರಮಾನವರ ಕುರಿತ ‘ಆಟೋಮ್ಯಾಟ್ರಾನ್’ 10 ಡಾಲರ್, ‘ವೇಸ್ಟ್‌ಲ್ಯಾಂಡ್ ವರ್ಕ್‌ಶಾಪ್’ 5 ಡಾಲರ್, ದ್ವೀಪವೊಂದರಲ್ಲಿ ನಡೆಯುವ ದೊಡ್ಡ ಕಥೆ ‘ಫಾರ್ ಹಾರ್ಬರ್’ 25 ಡಾಲರ್. ಅದೇ ಪ್ರಕಟಣೆಯಲ್ಲಿ, ಮಾರ್ಚ್ 1ರಿಂದ ಪಾಸಿನ ಬೆಲೆ 50 ಡಾಲರಿಗೆ ಏರಲಿದೆ ಎಂಬ ಸೂಚನೆಯೂ ಇತ್ತು. ಆಗಸ್ಟ್ ವೇಳೆಗೆ ಇನ್ನೂ ಮೂರು ಭಾಗಗಳು ಬಂದವು. ಆರನ್ನೂ ಬಿಡಿಯಾಗಿ ಕೊಂಡವರಿಗೆ ತಗುಲಿದ್ದು 70 ಡಾಲರ್; ಮೊದಲೇ ಪಾಸು ಕೊಂಡವರಿಗೆ 30.

ಹುಡುಗನ ಮಾತು ನಿಜವೆಂದು ತೋರುವುದು ಇಲ್ಲಿಯೇ. ಆದರೆ ದಿನಾಂಕಗಳನ್ನು ಇನ್ನೊಮ್ಮೆ ನೋಡಬೇಕು. ವಿವರ ಪ್ರಕಟವಾದುದಕ್ಕೂ ಬೆಲೆ ಏರಿದುದಕ್ಕೂ ನಡುವೆ ಸುಮಾರು ಎರಡು ವಾರಗಳ ಅವಧಿಯಿತ್ತು. ಆ ಎರಡು ವಾರಗಳಲ್ಲಿ 40 ಡಾಲರಿನ ಮೂರು ಭಾಗಗಳನ್ನು ಕಣ್ಣಾರೆ ಕಂಡು, 30 ಡಾಲರನ್ನೇ ಕೊಟ್ಟು ಪಾಸು ಪಡೆಯಬಹುದಾಗಿತ್ತು. ಅಂದರೆ ಸೆಪ್ಟೆಂಬರಿನಲ್ಲಿ ಕುರುಡಾಗಿ ಕೊಂಡವನಿಗೂ ಫೆಬ್ರುವರಿಯಲ್ಲಿ ನೋಡಿ ಕೊಂಡವನಿಗೂ ಬೆಲೆಯಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ. ಮೊದಲನೆಯವನ ಹಣ ಐದು ತಿಂಗಳು ಸಂಸ್ಥೆಯ ಬಳಿ ಇತ್ತು, ಅಷ್ಟೆ. ಮುಂಗಡ ಕೊಳ್ಳುವುದನ್ನು ಸಮರ್ಥಿಸುವವರು ಅತ್ಯಂತ ಹೆಮ್ಮೆಯಿಂದ ಎತ್ತಿ ತೋರಿಸುವ ಉದಾಹರಣೆಯಲ್ಲೇ ಕಾದವನು ಏನನ್ನೂ ಕಳೆದುಕೊಂಡಿಲ್ಲ.

ಇದಕ್ಕೆ ಕಾರಣ ಸರಕಿನ ಸ್ವಭಾವ. ರತ್ನಾಗಿರಿಯ ಆಪೂಸು ಮಾವು ಜೂನಿನ ನಂತರ ಸಿಗದು, ಗಣೇಶ ಚತುರ್ಥಿಗೆ ಊರಿಗೆ ಹೋಗುವ ರೈಲಿನ ಸೀಟು ತುಂಬಿಹೋಗುತ್ತದೆ. ಅಲ್ಲಿ ಅವಸರಕ್ಕೆ ಅರ್ಥವಿದೆ. ಗಣಕಯಂತ್ರದ ಕಡತಕ್ಕೆ ಮುಗಿದುಹೋಗುವ ಭಯವಿಲ್ಲ. ಲಕ್ಷ ಜನ ಕೊಂಡರೂ ಲಕ್ಷದ ಒಂದನೆಯವನಿಗೆ ಅದೇ ಸಿಗುತ್ತದೆ.

ಕಾಯದವರ ಪಾಡು ಹೇಗಿರಬಹುದೆಂಬುದಕ್ಕೆ ಅದೇ 2015ರ ‘ಬ್ಯಾಟ್‌ಮನ್: ಆರ್ಖಮ್ ನೈಟ್’ ಸಾಕ್ಷಿ. ಆಟದ ಬೆಲೆ 60 ಡಾಲರ್, ಪಾಸಿನ ಬೆಲೆ 40. ಪಾಸನ್ನು ಮೊದಲು ಪ್ರಕಟಿಸಿದಾಗ ಕೊಟ್ಟ ವಿವರಣೆ ಹೊಸ ಕಥೆಗಳು, ಖಳನಾಯಕರು, ವಾಹನಗಳು, ಉಡುಪುಗಳು ಎಂಬಷ್ಟು ಸ್ಥೂಲವಾಗಿತ್ತು. ಟೀಕೆ ಬಂದ ನಂತರವಷ್ಟೇ ಹೆಚ್ಚಿನ ಮಾಹಿತಿ ಹೊರಬಂತು. ಜೂನ್ ತಿಂಗಳಲ್ಲಿ ಆಟ ಬಿಡುಗಡೆಯಾಯಿತು. ಕಂಪ್ಯೂಟರಿನಲ್ಲಿ ಆಡುವ ಆವೃತ್ತಿ ಎಷ್ಟು ಕೆಟ್ಟದಾಗಿತ್ತೆಂದರೆ ಒಂದೆರಡು ದಿನಗಳಲ್ಲೇ ವಾರ್ನರ್ ಬ್ರದರ್ಸ್ ಸಂಸ್ಥೆ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು. ಮತ್ತೆ ಮಾರುಕಟ್ಟೆಗೆ ಬಂದದ್ದು ಅಕ್ಟೋಬರ್ ಕೊನೆಗೆ. ಆಗಲೂ ದೋಷಗಳು ತೀರದ ಕಾರಣ, ವರ್ಷಾಂತ್ಯದವರೆಗೆ ಕೇಳಿದವರಿಗೆ ಹಣ ಹಿಂತಿರುಗಿಸುವುದಾಗಿ ಸಂಸ್ಥೆ ಘೋಷಿಸಿತು. ಆದರೆ ಒಂದು ಷರತ್ತು: ಪಾಸನ್ನು ಆಟದೊಂದಿಗೆ ಮಾತ್ರ ಹಿಂತಿರುಗಿಸಬಹುದು, ಪಾಸನ್ನಷ್ಟೇ ಪ್ರತ್ಯೇಕವಾಗಿ ಮರಳಿಸುವಂತಿಲ್ಲ. ಆಟ ಹೇಗೋ ನಡೆಯುತ್ತಿದೆ, ಪಾಸಿನ ಸರಕು ಮಾತ್ರ ಸಪ್ಪೆ ಎಂದವನಿಗೆ ದಾರಿಯಿರಲಿಲ್ಲ.

ಇವೆರಡಕ್ಕೂ ಭಿನ್ನವಾದ ನಿದರ್ಶನ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯದು. 2015ರ ಏಪ್ರಿಲ್‌ನಲ್ಲಿ, ‘ದಿ ವಿಚರ್ 3’ ಬಿಡುಗಡೆಯಾಗುವ ಮುನ್ನವೇ, ಅದರ ವಿಸ್ತರಣೆಗಳ ಪಾಸನ್ನು 25 ಡಾಲರಿಗೆ ಪ್ರಕಟಿಸಿದರು. ಎಷ್ಟು ಭಾಗ? ಎರಡು. ಹೆಸರೇನು? ‘ಹಾರ್ಟ್ಸ್ ಆಫ್ ಸ್ಟೋನ್’ ಮತ್ತು ‘ಬ್ಲಡ್ ಅಂಡ್ ವೈನ್’. ಎಷ್ಟು ಹೊತ್ತಿನ ಆಟ? ಮೊದಲನೆಯದು ಸುಮಾರು 10 ಗಂಟೆ, ಎರಡನೆಯದು ಸುಮಾರು 20. ಇದರ ಮೇಲೆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮಾರ್ಚಿನ್ ಇವಿನ್‌ಸ್ಕಿ, ಸಂದೇಹವಿದ್ದರೆ ಈಗ ಕೊಳ್ಳಬೇಡಿ, ಆಟವಾಡಿ ನೋಡಿ, ವಿಮರ್ಶೆಗಳು ಬರಲಿ ಎಂದು ತಾವೇ ಹೇಳಿದರು. ಅಂಗಡಿಯವನೇ ‘ನಿಧಾನವಾಗಿ ಬನ್ನಿ’ ಎನ್ನುವುದು ಅಪರೂಪ. ಹೇಳಿದ ಎರಡೂ ಭಾಗಗಳು ಬಂದವು. ‘ಬ್ಲಡ್ ಅಂಡ್ ವೈನ್’ ಅಂತೂ 2016ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಪಾತ್ರಾಭಿನಯ ಆಟವೆಂಬ ಪ್ರಶಸ್ತಿ ಪಡೆಯಿತು. ಊರಿನಿಂದ ಹೆಸರಾಂತ ಯಕ್ಷಗಾನ ಮೇಳ ಮುಂಬಯಿಗೆ ಬರುತ್ತದೆಂದು ಕೇಳಿದಾಗ ಪ್ರಸಂಗ ಯಾವುದೆಂದು ವಿಚಾರಿಸದೆಯೇ ಟಿಕೆಟ್ ಕೊಳ್ಳುವವರಿದ್ದಾರೆ. ಮೇಳದ ಮೇಲಿನ ಭರವಸೆ ಅದು. ಅಂಥ ಭರವಸೆ ಆಟ ತಯಾರಿಸುವವರ ಮೇಲೂ ಹುಟ್ಟಬಹುದು. ಆದರೆ ಅದು ಹಿಂದೆ ಕೊಟ್ಟ ಪ್ರದರ್ಶನದಿಂದ ಹುಟ್ಟಬೇಕೇ ಹೊರತು ಜಾಹೀರಾತಿನಿಂದಲ್ಲ.

ಹಣ ಹಿಂಪಡೆಯುವ ವಿಷಯವಾಗಿ ಕುಟುಂಬಗಳಿಗೆ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಆಟಗಳ ದೊಡ್ಡ ಮಳಿಗೆಯಾದ ಸ್ಟೀಮ್ 2015ರ ನವೆಂಬರಿನಿಂದ ಭಾರತದಲ್ಲಿ ರೂಪಾಯಿಯಲ್ಲೇ ಬೆಲೆ ತೋರಿಸುತ್ತಿದೆ. ಅಲ್ಲಿ ಸಾಮಾನ್ಯ ನಿಯಮವೆಂದರೆ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು. ತಯಾರಾದ ಆಟಕ್ಕೆ ಇದು ಉದಾರವಾದ ನಿಯಮ. ಒಂಬತ್ತು ತಿಂಗಳ ಮೇಲೆ ಬರಲಿರುವ ಭಾಗಕ್ಕೆ 14 ದಿನಗಳ ಅವಕಾಶದಿಂದ ಆಗುವ ಉಪಯೋಗವೇನು? ಸರಕು ಕೈಗೆ ಬರುವ ವೇಳೆಗೆ ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ. ಆಗ ಬ್ಯಾಂಕಿಗೆ ಬಂದು ಕಾರ್ಡಿನ ವ್ಯವಹಾರವನ್ನು ರದ್ದುಮಾಡಿ ಎಂದರೆ, ತಂದೆಯ ಮೊಬೈಲಿಗೆ ಬಂದ ಒಟಿಪಿಯನ್ನು ಮಗ ನಮೂದಿಸಿದ್ದರೂ ಅದು ಖಾತೆದಾರನೇ ಅನುಮತಿಸಿದ ವ್ಯವಹಾರವೆಂದೇ ದಾಖಲೆಯಲ್ಲಿರುತ್ತದೆ. ಹಟ ಹಿಡಿದು ತಕರಾರು ಸಲ್ಲಿಸಿದರೆ ಮಳಿಗೆಯವರು ಹುಡುಗನ ಖಾತೆಯನ್ನೇ ನಿರ್ಬಂಧಿಸುವ ಸಾಧ್ಯತೆಯೂ ಉಂಟು. ಅದರಲ್ಲಿ ಅವನು ವರ್ಷಗಳಿಂದ ಕೂಡಿಹಾಕಿದ ಆಟಗಳೆಲ್ಲ ಇರುತ್ತವೆ.

ಸಮಾಧಾನದ ಸಂಗತಿಯೆಂದರೆ, 2024ರ ನವೆಂಬರಿನಲ್ಲಿ ಸ್ಟೀಮ್ ತನ್ನ ನಿಯಮವನ್ನು ಬಿಗಿಗೊಳಿಸಿತು. ಪಾಸು ಮಾರುವವರು ಅದರಲ್ಲಿ ಯಾವ ಯಾವ ಭಾಗಗಳಿವೆ, ಪ್ರತಿಯೊಂದರಲ್ಲಿ ಏನಿದೆ, ಯಾವಾಗ ಬರುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು. ಬಿಡುಗಡೆಯನ್ನು ಒಮ್ಮೆ ಮಾತ್ರ, ಅದೂ ಮೂರು ತಿಂಗಳವರೆಗೆ ಮುಂದೂಡಬಹುದು. ಯಾವುದಾದರೂ ಭಾಗ ರದ್ದಾದರೆ ಕೊಂಡವರಿಗೆ ಅದರ ಹಣ ಹಿಂತಿರುಗಿಸಲು ಸಿದ್ಧರಿರಬೇಕು. ವಿವರ ನೀಡಲು ಸಿದ್ಧರಿಲ್ಲದವರು ಪಾಸನ್ನೇ ಮಾರಬಾರದೆಂಬ ತಾತ್ಪರ್ಯದ ಈ ನಿಯಮ ಒಂದು ಮಳಿಗೆಗೆ ಮಾತ್ರ ಅನ್ವಯಿಸುತ್ತದೆ. ಇತರ ಕಡೆ ಕೊಳ್ಳುವಾಗ ಈ ಮೂರು ಪ್ರಶ್ನೆಗಳನ್ನು ಮನೆಯವರೇ ಕೇಳಿಕೊಳ್ಳಬಹುದು.

ತೀರ ಕಾಯುವ ತಾಳ್ಮೆಯಿರುವವರಿಗೆ ಇನ್ನೂ ಒಂದು ಲಾಭವಿದೆ. ಮೇಲೆ ಹೇಳಿದ ಆಟಗಳೆಲ್ಲ ಕಾಲಾನಂತರದಲ್ಲಿ ಎಲ್ಲ ಭಾಗಗಳನ್ನೂ ಒಳಗೊಂಡ ಒಂದೇ ಆವೃತ್ತಿಯಾಗಿ ಬಂದವು. ‘ವಿಚರ್ 3’ರ ಅಂಥ ಆವೃತ್ತಿ 2016ರ ಆಗಸ್ಟಿನಲ್ಲಿ, ‘ಫಾಲ್‌ಔಟ್ 4’ರದು 2017ರ ಸೆಪ್ಟೆಂಬರಿನಲ್ಲಿ. ಹಬ್ಬದ ರಿಯಾಯಿತಿಯ ವೇಳೆ ಇವು ಮೂಲ ಆಟದ ಮೊದಲ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ.

ಆದರೂ ಈ ಸಲಹೆಯನ್ನು ಎಲ್ಲರಿಗೂ ಒಂದೇ ಸಮನೆ ಕೊಡಲು ನನಗೆ ಮನಸ್ಸಾಗದು. ‘ಫಾಲ್‌ಔಟ್’ ಒಬ್ಬನೇ ಕುಳಿತು ಆಡುವ ಆಟ. ಇಪ್ಪತ್ತೆರಡು ತಿಂಗಳು ಕಾದರೂ ಅದು ಹಾಗೆಯೇ ಇರುತ್ತದೆ. ಹಲವರು ಕೂಡಿ ಆಡುವ ಆಟಗಳ ಸಂಗತಿ ಬೇರೆ. ಅಲ್ಲಿ ಹೊಸ ರಣರಂಗವೊಂದು ತೆರೆದಾಗ ಪಾಸಿದ್ದವರು ಅತ್ತ ಹೋಗುತ್ತಾರೆ, ಇಲ್ಲದವನು ಹಳೆಯದರಲ್ಲಿ ಒಂಟಿಯಾಗುತ್ತಾನೆ. 2015ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್’ಗೆ 50 ಡಾಲರಿನ ಪಾಸಿತ್ತು, ಆಟಗಾರರು ಹೀಗೆ ಹೋಳಾಗುವುದನ್ನು ಕಂಡು, 2017ರಲ್ಲಿ ಬಂದ ಅದರ ಎರಡನೆಯ ಆಟದಲ್ಲಿ ಇ.ಎ. ಸಂಸ್ಥೆ ಪಾಸನ್ನೇ ಕೈಬಿಟ್ಟಿತು. ವರ್ಗಾವಣೆಯಿಂದಾಗಿ ಚೆನ್ನೈ ಬಿಟ್ಟು ದೆಹಲಿಗೆ ಬಂದ ಕುಟುಂಬದ ಹದಿನೈದರ ಹುಡುಗನಿಗೆ ಹಳೆಯ ಗೆಳೆಯರೊಂದಿಗೆ ಉಳಿದಿರುವ ನಂಟು ವಾರಕ್ಕೆರಡು ರಾತ್ರಿಯ ಇಂಥ ಆಟವೇ ಆಗಿರಬಹುದು. ಅವನು ಪಾಸು ಕೇಳುವಾಗ ಕೇಳುತ್ತಿರುವುದು ಸರಕನ್ನಲ್ಲ, ಗೆಳೆಯರ ನಡುವಿನ ಸ್ಥಳವನ್ನು. ಅದರ ಬೆಲೆ ಕಟ್ಟಲು ನನ್ನ ಲೆಕ್ಕಪುಸ್ತಕದಲ್ಲಿ ಅಂಕಣವಿಲ್ಲ. ಅಂಥ ಮನೆಯಲ್ಲಿ, ಮೊದಲ ಭಾಗದ ವಿವರ ಹೊರಬೀಳುವವರೆಗೆ ತಡೆದು, ಗೆಳೆಯರು ನಿಜಕ್ಕೂ ಅತ್ತ ಹೊರಟಿದ್ದಾರೆಯೇ ಎಂದು ಅವನಿಂದಲೇ ತಿಳಿದುಕೊಂಡು, ಹೌದೆಂದರೆ ಅಂದೇ ಕೊಡಿಸಿಬಿಡಬಹುದು.